ಮುಕ್ತ ತಂತ್ರಾಂಶಕ್ಕೆ ಕೈಜೋಡಿಸುವ ಮುನ್ನ

(ಸಂಘದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸ)



ವೈದ್ಯನೊಬ್ಬನು ತಂತ್ರಾಂಶವನ್ನು ಕುರಿತು ಮಾತನಾಡುವುದು ತಮಗೆ ಸೋಜಿಗವೆನಿಸಬಹುದು. ಆದರೆ ಮುಕ್ತ ತಂತ್ರಾಂಶವನ್ನು ಕಟ್ಟಲು ಇಂದು ವ್ಯಾಪಕವಾಗಿ ಬಳಸುವ ಸಿಮೇಕ್ ಎಂಬ ಸಾಧನವು ಹುಟ್ಟಿದ್ದು ವೈದ್ಯಕೀಯದ ಅಗತ್ಯದಿಂದಲೇ. ಅದರ ಹಿನ್ನೆಲೆ ನಮ್ಮ ಟೆಕ್ಸಾಸಿಗೂ ತಾಗುತ್ತದೆ.

1993ರ ಆಗಸ್ಟ್ 5ರಂದು ಈ ರಾಜ್ಯದಲ್ಲಿ ಮರಣದಂಡನೆಗೆ ಗುರಿಯಾದ ಜೋಸೆಫ್ ಪಾಲ್ ಜೆರ್ನಿಗನ್ ತನ್ನ ದೇಹವನ್ನು ವಿಜ್ಞಾನಕ್ಕೆ ದಾನ ಮಾಡಿದ್ದನು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ‘ವಿಸಿಬಲ್ ಹ್ಯೂಮನ್’ ಯೋಜನೆಗಾಗಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆ ದೇಹವನ್ನು ಹೆಪ್ಪುಗಟ್ಟಿಸಿ, ಒಂದೊಂದು ಮಿಲಿಮೀಟರಿನಂತೆ ಹೆರೆದು, ಪದರಪದರದ ಚಿತ್ರ ತೆಗೆದರು. 1,871 ಪದರಗಳ ಆ ಸಂಗ್ರಹವು 1994ರಲ್ಲಿ ಲೋಕಕ್ಕೆ ದೊರೆಯಿತು. ಚಿತ್ರಗಳಿದ್ದರೆ ಸಾಲದು, ಯಕೃತ್ತು ಯಾವುದು, ಮೂತ್ರಪಿಂಡ ಯಾವುದು ಎಂದು ಗುರುತಿಸಬಲ್ಲ ತಂತ್ರಾಂಶವೂ ಬೇಕು. 1999ರಲ್ಲಿ ಅದೇ ಗ್ರಂಥಾಲಯದ ಧನಸಹಾಯದಿಂದ ‘ಐಟಿಕೆ’ ಎಂಬ ಮುಕ್ತ ತಂತ್ರಾಂಶದ ಕಾರ್ಯ ಮೊದಲಾಯಿತು. ಬರೆಯುವವರು ಆರು ಸಂಸ್ಥೆಗಳವರು. ಕೆಲವರದು ವಿಂಡೋಸ್, ಕೆಲವರದು ಯುನಿಕ್ಸ್. ಈ ತೊಡಕನ್ನು ಬಿಡಿಸಲೆಂದು ಕಿಟ್‌ವೇರ್ ಸಂಸ್ಥೆಯು ಸಿಮೇಕನ್ನು ರೂಪಿಸಿತು.

ತಂತ್ರಜ್ಞರಲ್ಲದವರಿಗಾಗಿ ಒಂದು ಮಾತು. ಮನುಷ್ಯರು ಬರೆದ ಸೋರ್ಸ್ ಕೋಡನ್ನು ಗಣಕಯಂತ್ರ ನಡೆಸಬಲ್ಲ ತಂತ್ರಾಂಶವಾಗಿಸಲು ನೂರಾರು ಕಡತಗಳನ್ನು ಕ್ರಮವರಿತು ಜೋಡಿಸಬೇಕು. ಈ ಕೆಲಸಕ್ಕಾಗಿ 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ‘ಮೇಕ್’ ಎಂಬ ಸಾಧನವನ್ನು ರಚಿಸಿದರು. ಸಿಮೇಕ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಒಂದೇ ವಿವರಣೆಯಿಂದ ಆಯಾ ಯಂತ್ರಕ್ಕೆ ತಕ್ಕ ವಿಧಾನವನ್ನು ಸಿದ್ಧಪಡಿಸುತ್ತದೆ. ಅದೇ ಅಕ್ಕಿ, ಅದೇ ಉದ್ದು. ಆದರೂ ಬೆಂಗಳೂರಿನಲ್ಲಿ ರಾತ್ರಿ ಕಳೆಯುವುದರೊಳಗೆ ಉಬ್ಬುವ ದೋಸೆಹಿಟ್ಟು ಡಿಸೆಂಬರಿನ ಡಾಲಸಿನಲ್ಲಿ ಬೆಳಗಾದರೂ ಉಬ್ಬದು. ಪದಾರ್ಥದಷ್ಟೇ ಪರಿಸರವೂ ಮುಖ್ಯವೆಂಬುದು ನಮ್ಮ ಮನೆಗಳವರಿಗೆ ಚೆನ್ನಾಗಿ ಗೊತ್ತು.

ನಮ್ಮ ಮಕ್ಕಳಲ್ಲಿ ಹಲವರು ಇಂಥ ಯೋಜನೆಗಳಿಗೆ ಕೈಜೋಡಿಸಲು ಬಯಸುತ್ತಾರೆ. ಅವರಿಗೆ ವೈದ್ಯವೃತ್ತಿಯಿಂದಲೇ ಮೂರು ಮಾತು ಹೇಳಬಯಸುತ್ತೇನೆ.

ಮೊದಲನೆಯದು: ಔಷಧ ಕೊಡುವ ಮುನ್ನ ನಾವು ನಾಡಿ, ರಕ್ತದೊತ್ತಡಗಳನ್ನು ಬರೆದಿಟ್ಟುಕೊಳ್ಳುತ್ತೇವೆ. ಹಾಗೆಯೇ ಒಂದು ಸಾಲನ್ನೂ ತಿದ್ದುವ ಮೊದಲು ತಂತ್ರಾಂಶವನ್ನು ಇದ್ದಂತೆಯೇ ಕಟ್ಟಿ, ಅದರ ಪರೀಕ್ಷೆಗಳನ್ನು ನಡೆಸಿರಿ. ಹಳೆಯ ದೋಷ ಯಾವುದು, ನೀವು ತಂದದ್ದು ಯಾವುದು ಎಂಬುದು ಆಗ ತಿಳಿಯುತ್ತದೆ.

ಎರಡನೆಯದು: ಎರಡು ಔಷಧಗಳನ್ನು ಒಂದೇ ದಿನ ಆರಂಭಿಸಿ ಮೈಮೇಲೆ ದದ್ದು ಎದ್ದರೆ ಯಾವುದನ್ನು ದೂರುವುದು? 2025ರಲ್ಲಿ ಬಂದ ಸಿಮೇಕ್ 4.0, 3.5ಕ್ಕಿಂತ ಹಳೆಯ ಆವೃತ್ತಿಗಳೊಡನೆ ಹೊಂದಾಣಿಕೆಯನ್ನು ಕೈಬಿಟ್ಟಿತು. ಇದರಿಂದ ಹಲವು ಹಳೆಯ ಯೋಜನೆಗಳು ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತವೆ. ಆಗ ನಿಮ್ಮ ದೋಷಪರಿಹಾರದೊಳಗೆ ಆವೃತ್ತಿಯ ಸಾಲನ್ನೂ ಸದ್ದಿಲ್ಲದೆ ಬದಲಿಸಬೇಡಿ. ಅದನ್ನು ಪ್ರತ್ಯೇಕವಾಗಿ, ಕಾರಣ ತಿಳಿಸಿ ಕಳುಹಿಸಿರಿ. ಯೋಜನೆ ಸೂಚಿಸಿದ ಆವೃತ್ತಿಯನ್ನೇ ನಿಮ್ಮ ಯಂತ್ರದಲ್ಲಿ ಇರಿಸಿಕೊಳ್ಳುವುದು ಇನ್ನೂ ಲೇಸು.

ಮೂರನೆಯದು ಶುಚಿ. ಕಟ್ಟುವ ಕೆಲಸವನ್ನು ಬೇರೆ ಫೋಲ್ಡರಿನಲ್ಲಿ ಮಾಡಿರಿ. ಯಂತ್ರವು ತಾನೇ ಹುಟ್ಟಿಸಿದ ಕಡತಗಳು ನಿಮ್ಮ ಕೊಡುಗೆಯಲ್ಲಿ ಸೇರದಿರಲಿ. ಕಳುಹಿಸುವ ಮುನ್ನ ಆ ಫೋಲ್ಡರನ್ನು ಅಳಿಸಿ, ಮೊದಲಿನಿಂದ ಮತ್ತೊಮ್ಮೆ ಕಟ್ಟಿ ನೋಡಿರಿ.

ಇವು ಸಣ್ಣ ಸಂಗತಿಗಳೆನ್ನಬೇಡಿ. ಗಡ್ಡೆಯ ಅಂಚನ್ನು ಗುರುತಿಸುವ ತಂತ್ರಾಂಶವು ಹ್ಯೂಸ್ಟನಿನ ಗಣಕದಲ್ಲಿ ಒಂದು ಅಳತೆಯನ್ನೂ ಆಸ್ಟಿನಿನಲ್ಲಿ ಇನ್ನೊಂದನ್ನೂ ಹೇಳಿದರೆ ರೋಗಿಯ ಗತಿಯೇನು? ಐಟಿಕೆ ತಂಡವು ಪ್ರತಿರಾತ್ರಿ ಹಲವು ಯಂತ್ರಗಳಲ್ಲಿ ತಂತ್ರಾಂಶವನ್ನು ಹೊಸದಾಗಿ ಕಟ್ಟಿ ಪರೀಕ್ಷಿಸುತ್ತಿದ್ದುದು ಈ ಅಂಜಿಕೆಯಿಂದಲೇ. ಮುಕ್ತ ತಂತ್ರಾಂಶವನ್ನು ಕಾಯುವವರಲ್ಲಿ ಅನೇಕರು ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ದುಡಿಯುವವರು. ಕಟ್ಟಲು ಬಾರದ ಕೊಡುಗೆ ಅವರಿಗೆ ಹೊರೆ; ಅವರ ಯಂತ್ರದಲ್ಲಿಯೂ ನಿಮ್ಮಲ್ಲಿ ನಡೆದಂತೆಯೇ ನಡೆಯುವ ಕೊಡುಗೆ ನಿಜವಾದ ದಾನ. ನಮ್ಮ ಮಕ್ಕಳು ಅಂಥ ದಾನಿಗಳಾಗಲಿ ಎಂದು ಹಾರೈಸುತ್ತೇನೆ.