‘ಬಿ ರಿಪೋರ್ಟ್’ ಹಾಕಿದರೆ ಕೇಸು ಮುಗಿಯಿತೇ?

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಕಾನೂನು ಮಾಹಿತಿ)



ಸಂಘಗಳ ಸಭೆಗೆ ಹೋದಾಗ ನಾವು ಆಗಾಗ ಕೇಳುವ ಮಾತೊಂದಿದೆ. “ಹೊಡೆದರು ಅಂತ ದೂರು ಕೊಟ್ಟಿದ್ದೆ ಮೇಡಂ. ಪೊಲೀಸರು ಬಿ ರಿಪೋರ್ಟ್ ಹಾಕಿದ್ರಂತೆ. ಇನ್ನೇನು, ಕೇಸು ಮುಗೀತು.” ಕೋರ್ಟಿನಿಂದ ಬಂದ ನೋಟಿಸಿಗೆ ಹೆದರಿ ಅದನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟವರೂ ಇದ್ದಾರೆ. ಇವತ್ತು ನಾವು ಹೇಳಬೇಕೆಂದಿರುವುದು ಒಂದೇ ವಿಷಯ: ಕೇಸು ಮುಗಿದಿಲ್ಲ. ಅದನ್ನು ಮುಗಿಸುವ ಅಧಿಕಾರ ಪೊಲೀಸರದ್ದಲ್ಲ, ನ್ಯಾಯಾಲಯದ್ದು.

ತನಿಖೆ ಮುಗಿದ ಮೇಲೆ ಪೊಲೀಸರು ಮ್ಯಾಜಿಸ್ಟ್ರೇಟರಿಗೆ ವರದಿ ಕೊಡಲೇಬೇಕು. ಸಾಕ್ಷ್ಯ ಸಾಕಷ್ಟಿದ್ದರೆ ಚಾರ್ಜ್‌ಶೀಟ್. ದೂರು ಸುಳ್ಳು ಅಥವಾ ಇದು ಬರೀ ಸಿವಿಲ್ ತಕರಾರು ಅಂತ ಅವರಿಗೆ ಕಂಡರೆ ಬಿ ರಿಪೋರ್ಟ್. ಆದರೆ ಅದು ಪೊಲೀಸರ ಅಭಿಪ್ರಾಯ ಮಾತ್ರ, ತೀರ್ಪಲ್ಲ.

ದೆಹಲಿಯಲ್ಲಿ ಮದುವೆಯಾದ ಮಗಳು ಸುಟ್ಟಗಾಯದಿಂದ ಸತ್ತಾಗ ಒಬ್ಬ ತಂದೆ ಸುಪ್ರೀಂ ಕೋರ್ಟಿನ ತನಕ ಹೋದರು. ಆ ಭಗವಂತ್ ಸಿಂಗ್ ಪ್ರಕರಣದಲ್ಲಿ 1985ರಲ್ಲಿ ಕೋರ್ಟು ಸ್ಪಷ್ಟವಾಗಿ ಹೇಳಿತು: ಕೇಸು ಕೈಬಿಡುವ ಮೊದಲು ಮ್ಯಾಜಿಸ್ಟ್ರೇಟರು ದೂರು ಕೊಟ್ಟವರಿಗೆ ನೋಟಿಸ್ ಕಳಿಸಿ, ಅವರ ಮಾತು ಕೇಳಬೇಕು. ನಿಮಗೆ ಬರುವ ನೋಟಿಸು ಬೆದರಿಕೆಯಲ್ಲ, “ಬಂದು ನಿಮ್ಮ ಮಾತು ಹೇಳಿ” ಎಂಬ ಕರೆ.

ಆಗ ನಾವು ಏನು ಮಾಡಬೇಕು?

1. ನೋಟಿಸಿನಲ್ಲಿರುವ ತಾರೀಖಿಗೆ ತಪ್ಪದೆ ಹಾಜರಾಗಬೇಕು. ಹೋಗದಿದ್ದರೆ ಬಿ ರಿಪೋರ್ಟ್ ಹಾಗೆಯೇ ಅಂಗೀಕಾರವಾಗಬಹುದು.

2. ವರದಿಯ ನಕಲು ಪಡೆದು ಓದಿಸಬೇಕು. ಯಾವ ಸಾಕ್ಷಿಯನ್ನು ವಿಚಾರಿಸಿಲ್ಲ, ಆಸ್ಪತ್ರೆಯ ಯಾವ ಕಾಗದ ನೋಡಿಲ್ಲ ಎಂದು ಗುರುತು ಹಾಕಿಕೊಳ್ಳಬೇಕು.

3. ವಕೀಲರ ಮೂಲಕ ತಕರಾರು ಅರ್ಜಿ ಹಾಕಬೇಕು. ಇದನ್ನೇ ಕೋರ್ಟಿನಲ್ಲಿ ಪ್ರೊಟೆಸ್ಟ್ ಪಿಟಿಷನ್ ಅನ್ನುತ್ತಾರೆ.

ಅರ್ಜಿ ನೋಡಿ ಮ್ಯಾಜಿಸ್ಟ್ರೇಟರು ಮತ್ತೆ ತನಿಖೆ ಮಾಡಿ ಅಂತ ಆದೇಶಿಸಬಹುದು. ವರದಿಯನ್ನು ತಿರಸ್ಕರಿಸಿ, ನಿಮ್ಮ ಮತ್ತು ಸಾಕ್ಷಿಗಳ ಪ್ರಮಾಣ ಹೇಳಿಕೆ ಪಡೆದು ಕೇಸು ಮುಂದುವರಿಸಬಹುದು. ವರದಿ ಸರಿಯಿದೆ ಅನ್ನಿಸಿದರೆ ಒಪ್ಪಿಕೊಳ್ಳಲೂಬಹುದು. ಆಗ ಮೇಲಿನ ಕೋರ್ಟಿಗೆ ಹೋಗುವ ದಾರಿ ಇದೆ. ಹೋದವರಿಗೆಲ್ಲ ಗೆಲುವು ಸಿಗುತ್ತದೆ ಅಂತ ನಾವು ಹೇಳುವುದಿಲ್ಲ. ಆದರೆ ಕೇಳಿಸಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ.

“ವಕೀಲರಿಗೆ ದುಡ್ಡು ಎಲ್ಲಿಂದ ತರೋದು?” ಅನ್ನಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಅಥವಾ 15100ಕ್ಕೆ ಫೋನ್ ಮಾಡಿ.

2024ರ ಜುಲೈ 1ರಿಂದ ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಜಾರಿಯಲ್ಲಿದೆ. ಎಫ್.ಐ.ಆರ್. ನಕಲನ್ನು ಪೊಲೀಸರು ಉಚಿತವಾಗಿ ಕೊಡಬೇಕು. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ತಿಳಿಸಲೂಬೇಕು. ತಿಳಿಸದಿದ್ದರೆ ಠಾಣೆಗೆ ಹೋಗಿ ಕೇಳಿ. ಒಬ್ಬರೇ ಹೋಗಬೇಡಿ, ಸಂಘದ ಇಬ್ಬರು ಜೊತೆಗೆ ಹೋಗಿ.

ಸಂತ ಲೂಕರ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಒಬ್ಬ ವಿಧವೆಯ ಕಥೆ ಹೇಳುತ್ತಾರೆ. ಯಾರಿಗೂ ಹೆದರದ ನ್ಯಾಯಾಧೀಶನ ಬಳಿ ಆಕೆ ಮತ್ತೆ ಮತ್ತೆ ಹೋಗಿ ನ್ಯಾಯ ಪಡೆದಳು. ಆಕೆಯ ಜೊತೆಗೆ ಯಾರೂ ಇರಲಿಲ್ಲ. ನಮಗಾದರೋ ಸಂಘವಿದೆ. ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಪುಸ್ತಕ ತೆರೆಯುವ ಮೊದಲು ಒಂದು ಮಾತು ಕೇಳಿ: “ಯಾರ ಮನೆಯಲ್ಲಾದರೂ ಕೋರ್ಟಿನ ನೋಟಿಸು ಹಾಗೇ ಇದೆಯಾ?”