ಏರಿಳಿತವಿಲ್ಲದ ಧಾರೆ



ನಾಗಸ್ವರದ ಮೇಳವನ್ನು ಕೇಳಿರುವವರು ಅದರಲ್ಲಿ ಒತ್ತು ಊದುವವನನ್ನೂ ಗಮನಿಸಿರಬಹುದು. ಅವನಿಗೆ ರಾಗವಿಲ್ಲ, ತಾನವಿಲ್ಲ. ಹಿಡಿದ ಶ್ರುತಿಯನ್ನು ಬಿಡದಿರುವುದೊಂದೇ ಅವನ ಕೆಲಸ. ಆದರೂ ಮನುಷ್ಯನಾದವನು ಉಸಿರನ್ನು ಒಳಕ್ಕೆ ಎಳೆಯದೆ ಇರಲಾರನಷ್ಟೆ. ಹಾಗೆ ಎಳೆಯುವಾಗ ನಾದವು ಏಕೆ ಕಡಿಯುವುದಿಲ್ಲ? ಅವನ ಕೆನ್ನೆಗಳನ್ನು ನೋಡಿದರೆ ಉತ್ತರವು ತಿಳಿಯುತ್ತದೆ. ಊದುವಾಗ ಗಾಳಿಯ ಒಂದಂಶವನ್ನು ಕೆನ್ನೆಗಳಲ್ಲಿ ತುಂಬಿಕೊಂಡಿದ್ದು, ಮೂಗಿನಿಂದ ಉಸಿರೆಳೆಯುವ ಕ್ಷಣದಲ್ಲಿ ಅವುಗಳನ್ನು ಅದುಮಿ ಆ ಶೇಖರವನ್ನು ವಾದ್ಯಕ್ಕೆ ಒದಗಿಸುತ್ತಾನೆ. ಶ್ವಾಸಕೋಶವು ತಡೆತಡೆದು ಕೊಡುತ್ತದೆ. ವಾದ್ಯವು ತಡೆಯಿಲ್ಲದೆ ಪಡೆಯುತ್ತದೆ. ನಡುವೆ ಇರುವ ಕೆನ್ನೆಯು ಇವೆರಡಕ್ಕೂ ಸಂಧಾನ ಮಾಡುತ್ತದೆ.

ನಾನು ಈ ಹೊತ್ತು ಹೇಳಹೊರಟಿರುವುದು ಸಂಗೀತದ ವಿಷಯವಲ್ಲ. ಪ್ರಯೋಗಶಾಲೆಯ ಯಂತ್ರಗಳಲ್ಲಿ ಪಂಪು ನೂಕುವ ದ್ರವದ ಧಾರೆಯನ್ನು ಸಮಗೊಳಿಸುವುದು ಹೇಗೆ, ಹತೋಟಿಯಲ್ಲಿಡುವುದು ಹೇಗೆ ಎಂಬುದೇ ಇಂದಿನ ವಿಷಯ. ನೀರು ಸ್ವಲ್ಪ ಕುಲುಕಿ ಹರಿದರೆ ಏನು ಮುಳುಗಿಹೋಯಿತು ಎಂದು ನೀವು ಕೇಳಬಹುದು. ಆದಕಾರಣ ಮುಳುಗಿಹೋಗುವುದೇನೆಂಬುದನ್ನೇ ಮೊದಲು ನಿವೇದಿಸುತ್ತೇನೆ.

ರಸಾಯನಶಾಸ್ತ್ರಜ್ಞರು ಮಿಶ್ರಣಗಳನ್ನು ಬಿಡಿಸಲು ಬಳಸುವ ಕ್ರೊಮೆಟೋಗ್ರಫಿ ಎಂಬ ವಿಧಾನವೊಂದುಂಟು. ನುಣ್ಣನೆಯ ಪುಡಿಯನ್ನು ಒತ್ತಾಗಿ ತುಂಬಿದ ನಳಿಕೆಯ ಮೂಲಕ ಒಂದು ದ್ರಾವಕವನ್ನು ಸತತವಾಗಿ ಹರಿಸಿ, ಅದರ ಮುಂಭಾಗದಲ್ಲಿ ಮಿಶ್ರಣದ ಒಂದೆರಡು ಹನಿಗಳನ್ನು ಸೇರಿಸುತ್ತಾರೆ. ಪುಡಿಗೆ ಹೆಚ್ಚಾಗಿ ಅಂಟಿಕೊಳ್ಳುವ ಘಟಕವು ಹಿಂದುಳಿಯುತ್ತದೆ. ಅಂಟಿಕೊಳ್ಳದೆ ಇರುವುದು ಮುಂದಾಗಿ ಹೊರಬೀಳುತ್ತದೆ. ನಳಿಕೆಯ ತುದಿಯಲ್ಲಿ ಕಾದಿರುವ ಬೆಳಕಿನ ಕಣ್ಣೊಂದು ಒಂದೊಂದು ಘಟಕವು ಹಾದುಹೋದಾಗಲೂ ಒಂದೊಂದು ಶಿಖರವನ್ನು ಬರೆಯುತ್ತದೆ. ಶಿಖರವು ಬಂದ ಕಾಲದಿಂದ ವಸ್ತು ಯಾವುದೆಂಬುದನ್ನೂ, ಶಿಖರದ ಕ್ಷೇತ್ರಫಲದಿಂದ ಅದು ಎಷ್ಟಿದೆ ಎಂಬುದನ್ನೂ ತಿಳಿಯುತ್ತೇವೆ.

ಇಲ್ಲಿ ಸೂಕ್ಷ್ಮವೊಂದುಂಟು. ಆ ಕಣ್ಣಿಗೆ ಎಷ್ಟು ದ್ರವ ಹರಿಯಿತೆಂಬುದು ಕಾಣದು. ಅದಕ್ಕೆ ತಿಳಿದಿರುವುದು ಕಾಲವೊಂದೇ. ಧಾರೆಯು ಸಮವಾಗಿದೆಯೆಂಬ ನಂಬಿಕೆಯ ಮೇಲೆ ನಾವು ಕಾಲವನ್ನೇ ಪರಿಮಾಣವೆಂದು ಓದಿಕೊಳ್ಳುತ್ತೇವೆ. ಧಾರೆಯು ನೂರಕ್ಕೆ ಒಂದರಷ್ಟು ನಿಧಾನವಾದರೆ ವಸ್ತುವು ಕಣ್ಣಿನ ಮುಂದೆ ನೂರಕ್ಕೆ ಒಂದರಷ್ಟು ಹೆಚ್ಚು ಹೊತ್ತು ನಿಲ್ಲುತ್ತದೆ. ಕ್ಷೇತ್ರಫಲವು ಅಷ್ಟೇ ಹೆಚ್ಚುತ್ತದೆ. ಮಾತ್ರೆಯಲ್ಲಿ ಇಲ್ಲದ ಔಷಧವು ಲೆಕ್ಕದಲ್ಲಿ ಇದ್ದಂತೆ ತೋರುತ್ತದೆ. ಇದಲ್ಲದೆ ಪಂಪಿನ ಕುಲುಕಾಟವು ರೇಖೆಯ ತಳದಲ್ಲಿ ಕಿರಿದಾದ ಅಲೆಗಳನ್ನು ಎಬ್ಬಿಸುತ್ತದೆ. ದೊಡ್ಡ ಶಿಖರಕ್ಕೆ ಅದರಿಂದ ಬಾಧೆಯಿಲ್ಲ. ಚಿಕ್ಕ ಶಿಖರವು ಮಾತ್ರ ಆ ಅಲೆಗಳಲ್ಲಿ ಕಾಣದೆ ಹೋಗುತ್ತದೆ.

ಚಿಕ್ಕದೆಂದು ಅದನ್ನು ಅಲ್ಲಗಳೆಯುವಂತಿಲ್ಲ. 2018ರಲ್ಲಿ ರಕ್ತದೊತ್ತಡಕ್ಕೆ ಕೊಡುವ ವಾಲ್ಸಾರ್ಟನ್ ಎಂಬ ಔಷಧದ ಕೆಲವು ತಯಾರಿಕೆಗಳಲ್ಲಿ ನೈಟ್ರೊಸೊಡೈಮೀಥೈಲಮೀನ್ ಎಂಬ ಕಲ್ಮಷವು ಕಂಡುಬಂದು, ಅನೇಕ ದೇಶಗಳಲ್ಲಿ ಅವುಗಳನ್ನು ಮಾರುಕಟ್ಟೆಯಿಂದ ಹಿಂತೆಗೆಯಬೇಕಾಯಿತು. ಕ್ಯಾನ್ಸರನ್ನು ಉಂಟುಮಾಡಬಲ್ಲುದೆಂದು ಶಂಕಿತವಾದ ಈ ವಸ್ತುವಿಗೆ ಅಮೆರಿಕದ ಅಧಿಕಾರಿಗಳು ಗೊತ್ತುಪಡಿಸಿದ ಮಿತಿಯು ದಿನವೊಂದಕ್ಕೆ 96 ನ್ಯಾನೋಗ್ರಾಂ, ಎಂದರೆ ಒಂದು ಗ್ರಾಮಿನ ಒಂದು ಕೋಟಿಯ ಭಾಗಕ್ಕಿಂತಲೂ ಕಡಿಮೆ. ಇಂಥ ಲವಲೇಶವನ್ನು ಹುಡುಕಲು ಹೊರಟ ಯಂತ್ರದ ಧಾರೆಯು ತಾನೇ ಅಲುಗಾಡುತ್ತಿದ್ದರೆ ಅದರ ಸಾಕ್ಷ್ಯವನ್ನು ನಂಬುವುದು ಹೇಗೆ?

ಇನ್ನು ಪಂಪಿನ ಸ್ವಭಾವವನ್ನು ವಿಚಾರಿಸೋಣ. ಸಿಲಿಂಡರಿನಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುವ ಪಿಸ್ಟನ್ ಅರ್ಧ ಕಾಲ ದ್ರವವನ್ನು ಎಳೆದುಕೊಳ್ಳುತ್ತದೆ, ಅರ್ಧ ಕಾಲ ನೂಕುತ್ತದೆ. ತಿರುಗುವ ಚಕ್ರಕ್ಕೆ ಕಟ್ಟಿದ ಪಿಸ್ಟನ್ ಒಂದೇ ಆದರೆ, ಧಾರೆಯ ಗರಿಷ್ಠ ವೇಗವು ಸರಾಸರಿಯ 3.14ರಷ್ಟಿದ್ದು ಕಾಲದ ಅರ್ಧಭಾಗದಲ್ಲಿ ಧಾರೆಯೇ ಇರುವುದಿಲ್ಲ. ಎರಡು ಪಿಸ್ಟನ್‌ಗಳನ್ನು ಸರದಿಯ ಮೇಲೆ ನಡೆಸಿದರೂ ಸುತ್ತಿಗೆರಡು ಸಲ ಧಾರೆಯು ಸೊನ್ನೆಗೆ ಇಳಿಯುತ್ತದೆ. ಮೂರನ್ನು ಸಮಾಂತರವಾಗಿ ಹೊಂದಿಸಿದರೆ ಒಟ್ಟು ಏರಿಳಿತವು ಸರಾಸರಿಯ ನೂರಕ್ಕೆ 14ರಷ್ಟಕ್ಕೆ ತಗ್ಗುತ್ತದೆ. ಹಾಗಾದರೆ ನಾಲ್ಕು ಪಿಸ್ಟನ್‌ಗಳು ಇನ್ನೂ ಉತ್ತಮವಲ್ಲವೆ? ಅಲ್ಲ. ನಾಲ್ಕರಲ್ಲಿ ಏರಿಳಿತವು ಮತ್ತೆ ನೂರಕ್ಕೆ 32ಕ್ಕೂ ಮೇಲೇರುತ್ತದೆ. ಐದರಲ್ಲಿ ನೂರಕ್ಕೆ 5ಕ್ಕೆ ಇಳಿಯುತ್ತದೆ. ಸರಿಸಂಖ್ಯೆಯಾದಾಗ ಅಲೆಗಳು ಒಂದರ ಮೇಲೊಂದು ಬಿದ್ದು ಬಲಗೊಳ್ಳುತ್ತವೆ. ಬೆಸಸಂಖ್ಯೆಯಾದಾಗ ಒಂದರ ಏರು ಮತ್ತೊಂದರ ತಗ್ಗನ್ನು ತುಂಬುತ್ತದೆ. ಬರಿಯ ಸಂಖ್ಯೆಯನ್ನು ಹೆಚ್ಚಿಸಿದ ಮಾತ್ರಕ್ಕೆ ಕಾರ್ಯವು ಸುಧಾರಿಸುವುದಿಲ್ಲವೆಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ಪ್ರಯೋಗಶಾಲೆಯ ಯಂತ್ರಕಾರರು ಮತ್ತೊಂದು ಉಪಾಯವನ್ನು ಹಿಡಿದರು. ಚಕ್ರಕ್ಕೆ ಬದಲಾಗಿ ವಿಶೇಷವಾದ ಆಕೃತಿಯುಳ್ಳ ಕ್ಯಾಮ್ ಒಂದನ್ನು ಕೆತ್ತಿ, ಒಂದು ಪಿಸ್ಟನ್ ವೇಗವನ್ನು ಎಷ್ಟು ಕಳೆದುಕೊಳ್ಳುತ್ತದೆಯೋ ಮತ್ತೊಂದು ಅಷ್ಟನ್ನೇ ಗಳಿಸುವಂತೆ ಮಾಡಿದರು. ಕಾಗದದ ಮೇಲೆ ಇದು ನಿರ್ದೋಷವಾದ ಏರ್ಪಾಡು. ಆದರೆ ದ್ರವವನ್ನು ಅದುಮಲಾಗದೆಂದು ನಾವು ಪಾಠಶಾಲೆಯಲ್ಲಿ ಕಲಿತದ್ದು ಪೂರ್ಣ ಸತ್ಯವಲ್ಲ. ಈ ಯಂತ್ರಗಳಲ್ಲಿ ಸಾಮಾನ್ಯವಾದ 400 ವಾಯುಭಾರಗಳ ಒತ್ತಡದಲ್ಲಿ ನೀರು ನೂರಕ್ಕೆ ಸುಮಾರು ಒಂದೂಮುಕ್ಕಾಲರಷ್ಟು ಕುಗ್ಗುತ್ತದೆ; ಮೀಥೈಲ್ ಆಲ್ಕೊಹಾಲ್ ಅದಕ್ಕಿಂತಲೂ ಹೆಚ್ಚು ಕುಗ್ಗುತ್ತದೆ. ಆದುದರಿಂದ ಪಿಸ್ಟನ್ ಮುಂದೊತ್ತಲು ತೊಡಗಿದರೂ ಒಳಗಿನ ದ್ರವವು ತಕ್ಕಷ್ಟು ಅದುಮಿಕೊಳ್ಳುವವರೆಗೆ ಕವಾಟವು ತೆರೆಯುವುದಿಲ್ಲ. ಆ ನಿಮಿಷಾರ್ಧದ ಮೌನವೇ ರೇಖೆಯಲ್ಲಿ ತಗ್ಗಾಗಿ ಕಾಣಿಸುತ್ತದೆ. ಇದನ್ನು ತಪ್ಪಿಸಲು ಪಿಸ್ಟನ್ನು ಸರದಿಗೆ ಮುಂಚೆಯೇ ಸ್ವಲ್ಪ ಒತ್ತಿಕೊಂಡು ಸಿದ್ಧವಾಗಿರುವಂತೆ ಏರ್ಪಡಿಸುತ್ತಾರೆ.

ಉಳಿದ ಏರಿಳಿತಕ್ಕೆ ಮದ್ದು ನಾವು ಮೊದಲು ಹೇಳಿದ ಕೆನ್ನೆಯೇ. ಯೂರೋಪಿನಲ್ಲಿ ಬೆಂಕಿಯನ್ನಾರಿಸುವ ಹಳೆಯ ಪಂಪುಗಳಿಗೆ ಗಾಳಿ ತುಂಬಿದ ಪಾತ್ರೆಯೊಂದನ್ನು ಜೋಡಿಸುತ್ತಿದ್ದರು. ನೂಕಿನ ಕಾಲದಲ್ಲಿ ನೀರು ಗಾಳಿಯನ್ನು ಅದುಮುತ್ತಿತ್ತು. ಎಳೆತದ ಕಾಲದಲ್ಲಿ ಗಾಳಿಯು ಹಿಗ್ಗಿ ನೀರನ್ನು ಹೊರಕ್ಕೆ ಕಳುಹುತ್ತಿತ್ತು. 1733ರಲ್ಲಿ ಸ್ಟೀಫನ್ ಹೇಲ್ಸ್ ಎಂಬ ಇಂಗ್ಲಿಷ್ ಪಾದ್ರಿಯು ನಮ್ಮ ಹೃದಯದ ಬಳಿಯ ಮಹಾಧಮನಿಯೂ ಇಂಥದೇ ಪಾತ್ರೆಯೆಂದು ತೋರಿಸಿಕೊಟ್ಟನು. ಹೃದಯವು ಬಡಿಬಡಿದು ಕೊಡುವ ರಕ್ತವು ಅತಿಸೂಕ್ಷ್ಮವಾದ ನಾಳಗಳನ್ನು ಸೇರುವಷ್ಟರಲ್ಲಿ ಸಮಧಾರೆಯಾಗಿರುವುದು ಧಮನಿಗಳ ಹಿಗ್ಗುವ ಗುಣದಿಂದಲೇ. ವೃದ್ಧಾಪ್ಯದಲ್ಲಿ ಅವು ಬಿರುಸಾದಾಗ ನಾಡಿಯ ಏರಿಳಿತವು ಹೆಚ್ಚುವುದೂ ಇದೇ ಕಾರಣದಿಂದ.

ಒತ್ತಡ ಹೆಚ್ಚಾದ ಯಂತ್ರಗಳಲ್ಲಿ ಬರಿಯ ಗಾಳಿಯು ಉಪಯೋಗಕ್ಕೆ ಬಾರದು. ಅದು ದ್ರವದಲ್ಲಿ ಕರಗಿಹೋಗುತ್ತದೆ. ಅದಕ್ಕಾಗಿ ಹಿಗ್ಗುವ ಪೊರೆಯನ್ನಾಗಲಿ, ಚಪ್ಪಟೆಯಾಗಿ ಒತ್ತಿ ಸುರುಳಿ ಸುತ್ತಿದ ಲೋಹದ ನಳಿಕೆಯನ್ನಾಗಲಿ ಇಡುತ್ತಾರೆ. ಇದರ ಗುಣವನ್ನು ಒಂದು ಕಾಲಾವಧಿಯಿಂದ ಅಳೆಯಬಹುದು: ಪಂಪನ್ನು ಥಟ್ಟನೆ ನಿಲ್ಲಿಸಿದರೆ ಧಾರೆಯು ಮೊದಲಿನ ನೂರಕ್ಕೆ 37ರಷ್ಟಕ್ಕೆ ಇಳಿಯಲು ಹಿಡಿಯುವ ಕಾಲವೇ ಅದು. ಪಂಪು 6 ಸೆಕೆಂಡುಗಳಿಗೊಮ್ಮೆ ಬಡಿಯುತ್ತಿದ್ದು ಈ ಅವಧಿಯು 60 ಸೆಕೆಂಡುಗಳಾದರೆ, ಏರಿಳಿತವು ಸುಮಾರು 63ರಲ್ಲಿ ಒಂದು ಪಾಲಿಗೆ ತಗ್ಗುತ್ತದೆ. ಲಾಭವೇನೋ ದೊಡ್ಡದು. ಆದರೆ ಬೆಲೆಯೂ ಉಂಟು. ಧಾರೆಯ ವೇಗವನ್ನು ನಾವಾಗಿಯೇ ಬದಲಾಯಿಸಿದಾಗ ಅದು ಹೊಸ ಮಟ್ಟಕ್ಕೆ ನೂರಕ್ಕೆ ಒಂದರ ಅಂತರದಲ್ಲಿ ಬಂದು ನೆಲೆಗೊಳ್ಳಲು ನಾಲ್ಕೂವರೆ ನಿಮಿಷಗಳಿಗಿಂತ ಹೆಚ್ಚು ಕಾಯಬೇಕು. ಮಾರ್ದವವನ್ನು ಬಯಸುವವನು ಮಾಂದ್ಯವನ್ನೂ ಸಹಿಸಬೇಕು.

ಮತ್ತೊಂದು ಜಾತಿಯ ಪಂಪಿನಲ್ಲಿ ಪಿಸ್ಟನ್ ಇಲ್ಲ, ಕವಾಟವೂ ಇಲ್ಲ. ಮೆತ್ತನೆಯ ನಳಿಕೆಯನ್ನು ಉರುಳೆಗಳು ಒಂದಾದಮೇಲೊಂದು ಅದುಮುತ್ತ ಸಾಗಿ, ಹಾಲು ಕರೆಯುವವನ ಬೆರಳುಗಳಂತೆ ದ್ರವವನ್ನು ಮುಂದೊತ್ತುತ್ತವೆ. 1957ರಲ್ಲಿ ಲೆನರ್ಡ್ ಸ್ಕೆಗ್ಸ್ ಎಂಬಾತನು ಪ್ರಕಟಿಸಿದ ರಕ್ತಪರೀಕ್ಷೆಯ ಸ್ವಯಂಚಾಲಿತ ಯಂತ್ರದಲ್ಲಿ ಹಲವು ನಳಿಕೆಗಳನ್ನು ಇಂಥ ಒಂದೇ ಪಂಪು ಒತ್ತುತ್ತಿದ್ದಿತು. ಒಂದರ ಹಿಂದೊಂದು ಬರುವ ರೋಗಿಗಳ ರಕ್ತದ ಮಾದರಿಗಳು ಬೆರೆಯದಂತೆ ನಡುನಡುವೆ ಗಾಳಿಯ ಗುಳ್ಳೆಗಳನ್ನು ಸೇರಿಸಿದ್ದು ಆತನ ಜಾಣ್ಮೆ. ಈ ಪಂಪಿನ ದೋಷವಿರುವುದು ಉರುಳೆಯು ನಳಿಕೆಯನ್ನು ಬಿಟ್ಟೇಳುವ ಕ್ಷಣದಲ್ಲಿ. ಅದುಮಿದ್ದ ಜಾಗವು ಅರಳಿಕೊಂಡು, ಅದನ್ನು ತುಂಬಲು ದ್ರವವು ಸ್ವಲ್ಪ ಹಿಂದಕ್ಕೆ ಸೇದಲ್ಪಡುತ್ತದೆ. ಎರಡು ನಳಿಕೆಗಳನ್ನು ಉರುಳೆಗಳ ಅಂತರದ ಅರ್ಧದಷ್ಟು ಹಿಂದುಮುಂದಾಗಿ ಇಟ್ಟು ಮುಂದೆ ಒಂದುಗೂಡಿಸಿದರೆ ಒಂದರ ಕೊರತೆಯನ್ನು ಇನ್ನೊಂದು ಬಹುಮಟ್ಟಿಗೆ ನೀಗುತ್ತದೆ.

ಇಷ್ಟೆಲ್ಲ ಏಕೆ, ಎತ್ತರದಲ್ಲಿಟ್ಟ ಪಾತ್ರೆಯಿಂದ ದ್ರವವು ತಾನಾಗಿ ಇಳಿದುಬರಲಿ ಎನ್ನಬಹುದು. ಶಿವಾಲಯದ ಧಾರಾಪಾತ್ರೆಯನ್ನು ನೆನೆಯಿರಿ: ನೀರಿನ ಮಟ್ಟ ಇಳಿದಂತೆಲ್ಲ ಧಾರೆಯು ಕೃಶವಾಗುತ್ತದೆ. 17ನೆಯ ಶತಮಾನದ ಫ್ರೆಂಚ್ ವಿದ್ವಾಂಸ ಮರಿಯಟ್ಟನ ಹೆಸರಿನಿಂದ ಕರೆಯುವ ಸೀಸೆಯಲ್ಲಿ ಇದಕ್ಕೆ ಪರಿಹಾರವಿದೆ. ಬಿಗಿಯಾಗಿ ಮುಚ್ಚಿದ ಸೀಸೆಯೊಳಕ್ಕೆ ಗಾಳಿಯ ನಳಿಕೆಯೊಂದನ್ನು ಆಳಕ್ಕೆ ಇಳಿಸಿಟ್ಟರೆ, ಮೇಲಿನ ಮಟ್ಟವು ಎಷ್ಟೇ ಇಳಿಯುತ್ತಿದ್ದರೂ ನಳಿಕೆಯ ತುದಿಯಲ್ಲಿ ಒತ್ತಡವು ಒಂದೇ ಆಗಿರುತ್ತದೆ. ಆದರೂ ಒತ್ತಡ ಸ್ಥಿರವಾದ ಮಾತ್ರಕ್ಕೆ ಧಾರೆ ಸ್ಥಿರವಾಗದು. ಕೊಠಡಿಯು ಒಂದು ಡಿಗ್ರಿ ಬಿಸಿಯಾದರೆ ನೀರಿನ ಸ್ನಿಗ್ಧತೆಯು ನೂರಕ್ಕೆ ಎರಡರಷ್ಟು ಇಳಿದು ಧಾರೆಯು ಅಷ್ಟೇ ಹೆಚ್ಚುತ್ತದೆ.

ಇಂಥ ಮೆಲ್ಲಮೆಲ್ಲನೆಯ ಜಾರುವಿಕೆಗೆ ವಾಯುಪಾತ್ರೆಯಿಂದ ಪ್ರಯೋಜನವಿಲ್ಲ. ಅದಕ್ಕೆ ನಿಯಂತ್ರಕವು ಬೇಕು: ಧಾರೆಯನ್ನು ಅಳೆಯುವುದು, ಬೇಕಾದುದರೊಡನೆ ಹೋಲಿಸುವುದು, ವ್ಯತ್ಯಾಸಕ್ಕೆ ತಕ್ಕಂತೆ ಪಂಪಿನ ವೇಗವನ್ನು ತಿದ್ದುವುದು. ಉಗಿಯಂತ್ರಕ್ಕೆ 1788ರಲ್ಲಿ ಜೇಮ್ಸ್ ವಾಟ್ ಅಳವಡಿಸಿದ ಗುಂಡುಗಳ ಗವರ್ನರಿನದೂ ಇದೇ ತತ್ತ್ವ. ಇಂಥ ಯಂತ್ರಗಳು ಕೆಲವು ವೇಳೆ ಸ್ತಿಮಿತಕ್ಕೆ ಬಾರದೆ ತೂಗಾಡುವುದೇಕೆಂಬುದನ್ನು 1868ರಲ್ಲಿ ಮ್ಯಾಕ್ಸ್‌ವೆಲ್ ಗಣಿತದಿಂದ ವಿಚಾರಿಸಿದನು. ಸುದ್ದಿಯು ತಡವಾಗಿ ಬಂದು ತಿದ್ದುಪಡಿಯು ಬಲವಾಗಿದ್ದರೆ, ತಿದ್ದುವ ಹೊತ್ತಿಗೆ ತಪ್ಪು ತಾನಾಗಿಯೇ ತೀರಿರುತ್ತದೆ. ತಿದ್ದುಪಡಿಯೇ ಹೊಸ ತಪ್ಪಾಗುತ್ತದೆ. ಇಲ್ಲಿ ನಮ್ಮ ಎರಡು ಉಪಾಯಗಳಿಗೂ ಕಲಹ ಹುಟ್ಟುತ್ತದೆ. ಏರಿಳಿತವನ್ನು ನುಂಗುವ ಪಾತ್ರೆಯು ಸುದ್ದಿಯನ್ನೂ ತಡಮಾಡುತ್ತದೆ. ತಡವಾದ ಸುದ್ದಿಯಿಂದ ನಿಯಂತ್ರಕವು ತಡಬಡಿಸುತ್ತದೆ. ಆದುದರಿಂದ ಕೆಲಸವನ್ನು ಹಂಚಿಕೊಡಬೇಕು: ಪಂಪಿನ ಬಡಿತದಂತಹ ತ್ವರಿತ ಚಲನೆಯು ಪಾತ್ರೆಯ ಪಾಲಿಗೆ, ಉಷ್ಣತೆಯಿಂದಲೂ ಸವಕಳಿಯಿಂದಲೂ ಆಗುವ ನಿಧಾನದ ವ್ಯತ್ಯಾಸವು ನಿಯಂತ್ರಕದ ಪಾಲಿಗೆ. ಒಂದರ ಕೆಲಸಕ್ಕೆ ಮತ್ತೊಂದು ಕೈಹಾಕದಿದ್ದರೆ ಎರಡೂ ಸುಖವಾಗಿ ನಡೆಯುತ್ತವೆ.

ಈ ಶ್ರಮದ ಫಲಕ್ಕೆ ಒಂದು ಉದಾಹರಣೆಯನ್ನು ಕೊಡುತ್ತೇನೆ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಸ್ಟ್ಯಾನ್‌ಫರ್ಡ್ ಮೂರ್, ವಿಲಿಯಂ ಸ್ಟೈನ್ ಎಂಬ ವಿಜ್ಞಾನಿಗಳು ಸ್ಪ್ಯಾಕ್‌ಮನ್ ಎಂಬಾತನೊಡನೆ 1958ರಲ್ಲಿ ಪ್ರಕಟಿಸಿದ ಯಂತ್ರವು ಪ್ರೋಟೀನಿನ ಅಮೈನೋ ಆಮ್ಲಗಳನ್ನು ತಾನಾಗಿಯೇ ಬಿಡಿಸಿ ಅಳೆಯುತ್ತಿದ್ದಿತು. ಸ್ತಂಭದಿಂದ ಇಳಿಯುವ ದ್ರವಕ್ಕೆ ನಿನ್‌ಹೈಡ್ರಿನ್ ಎಂಬ ಬಣ್ಣ ತರುವ ದ್ರಾವಣವನ್ನು ಪಂಪೊಂದು ಬಿಡದೆ ಸೇರಿಸುತ್ತಿತ್ತು. ಎರಡು ಧಾರೆಗಳ ಪ್ರಮಾಣವು ತಪ್ಪಿದರೆ ಬಣ್ಣವು ಸುಳ್ಳು ಹೇಳುತ್ತಿತ್ತು. ಅವು ತಪ್ಪದೆ ನಡೆದುದರಿಂದಲೇ ರೈಬೊನ್ಯೂಕ್ಲಿಯೇಸ್ ಎಂಬ ಕಿಣ್ವದ 124 ಅಮೈನೋ ಆಮ್ಲಗಳ ಕ್ರಮವನ್ನು ನಿಶ್ಚಯಿಸುವ ಕಾರ್ಯಕ್ಕೆ ಈ ಯಂತ್ರವು ಆಧಾರವಾಯಿತು. ಆ ಇಬ್ಬರಿಗೂ 1972ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಕೊನೆಯದಾಗಿ, ಪ್ರಯೋಗಶಾಲೆಗಳಲ್ಲಿ ಕೆಲಸ ಮಾಡುವ ತರುಣ ಶ್ರೋತೃಗಳಿಗೆ ಒಂದು ಮಾತು. ರೇಖೆಯಲ್ಲಿ ಅಲೆಗಳು ಕಂಡಾಗ ಅವುಗಳ ಅಂತರವನ್ನು ಎಣಿಸಿರಿ. ನಿಮಿಷಕ್ಕೆ ಒಂದು ಮಿಲಿಲೀಟರ್ ಹರಿಯುತ್ತಿದ್ದು ಪಿಸ್ಟನ್ನಿನ ಒಂದು ನೂಕಿಗೆ ಅದರ ಹತ್ತರಲ್ಲೊಂದು ಪಾಲು ಹೋಗುವುದಾದರೆ, 6 ಸೆಕೆಂಡುಗಳಿಗೊಂದು ಅಲೆಯು ಬರತಕ್ಕದ್ದು. ಧಾರೆಯನ್ನು ಅರ್ಧಕ್ಕೆ ಇಳಿಸಿ ನೋಡಿರಿ. ಅಂತರವು 12 ಸೆಕೆಂಡುಗಳಾದರೆ ದೋಷವು ಪಂಪಿನದು. ಬದಲಾಗದಿದ್ದರೆ ಬೇರೆಡೆ ಹುಡುಕಬೇಕು. ಇಂದಿನ ಗಣಕಯಂತ್ರಗಳು ಎಂಥ ಒರಟು ರೇಖೆಯನ್ನಾದರೂ ಉಜ್ಜಿ ನುಣುಪುಮಾಡಿ ಕೊಡಬಲ್ಲವು. ಆ ಸೌಕರ್ಯಕ್ಕೆ ಸುಲಭವಾಗಿ ಒಲಿಯಬೇಡಿರಿ. ಉಜ್ಜುವಾಗ ಪಂಪಿನ ಅಲೆಯೊಡನೆ ಕಲ್ಮಷದ ಚಿಕ್ಕ ಶಿಖರವೂ ಅಳಿಸಿಹೋಗಬಹುದು. ಅದನ್ನು ಕಾಣದೆ ಒಪ್ಪಿಗೆಯ ಮುದ್ರೆಯೊತ್ತಿದ ಔಷಧವನ್ನು ಯಾವನೋ ರೋಗಿಯು ನಮ್ಮ ಮಾತಿನ ಮೇಲಣ ನಂಬಿಕೆಯಿಂದ ದಿನದಿನವೂ ನುಂಗುತ್ತಾನೆ. ಧಾರೆಯಲ್ಲಿ ತಿದ್ದಬೇಕಾದುದನ್ನು ಧಾರೆಯಲ್ಲಿಯೇ ತಿದ್ದಬೇಕು, ಚಿತ್ರದಲ್ಲಿ ತಿದ್ದಲಾಗದು.