ಮನೆ ರಿಪೇರಿಯೂ ಮಕ್ಕಳ ಮೊಬೈಲ್ ಆಟವೂ

(ಕ್ಯಾತ್ಸಂದ್ರದ ತಾಯಂದಿರ ಸಭೆಯಲ್ಲಿ ಆಡಿದ ಮಾತು)



"ರಜೆ ಬಂದ್ರೆ ಮಗ ಗೇಮ್ ಬಿಟ್ಟು ಏಳೋದೇ ಇಲ್ಲ ಸಿಸ್ಟರ್" ಎಂಬ ಮಾತನ್ನು ನಾವು ಮನೆಮನೆಯಲ್ಲೂ ಕೇಳುತ್ತೇವೆ. ಇದೇ ಕ್ಯಾತ್ಸಂದ್ರದ ಒಂದು ಮನೆಯಲ್ಲಿ ತಂದೆ ಸಿಟ್ಟಿನಿಂದ ಮೊಬೈಲ್ ಕಿತ್ತುಕೊಂಡರು. ಮಗ ಎರಡು ದಿನ ಊಟ ಬಿಟ್ಟ. ಅವರದು ಹೆಂಚಿನ ಮನೆ, ಮಳೆ ಬಂದರೆ ಸೋರುತ್ತಿತ್ತು. ಮುಂಗಾರಿಗೆ ಮುಂಚೆ ಎಲ್ಲರೂ ಸೇರಿ ರಿಪೇರಿ ಮಾಡಿ ಎಂದೆವು. ತಂದೆ ಏಣಿ ಹತ್ತಿದರು, ಮಗ ಕೆಳಗಿನಿಂದ ಹೆಂಚು ಕೊಟ್ಟ, ತಾಯಿ-ಮಗಳು ಸುಣ್ಣ ಬಳಿದರು. ಸಂಜೆ ಮಗ ಅಪ್ಪನಿಗೆ ಆಟ ಹೇಳಿಕೊಟ್ಟ. ಅಪ್ಪ ಸೋತಾಗ ಮನೆಯವರೆಲ್ಲ ನಕ್ಕರಂತೆ! ಈಗಲೂ ಆ ಹುಡುಗ ಆಡ್ತಾನೆ, ಆದ್ರೆ ಕರೆದಾಗ ಏಳ್ತಾನೆ.

ಆಟವೇ ಕೆಟ್ಟದ್ದಲ್ಲ. ಆದರೆ ಹಿಡಿತ ತಪ್ಪಿ, ಓದು-ನಿದ್ದೆಗಿಂತ ಆಟವೇ ಮುಖ್ಯವಾಗಿ, ತೊಂದರೆಯಾದರೂ ಬಿಡಲಾಗದೆ, ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಹಾಗೇ ನಡೆದರೆ ಅದು ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ರೋಗಗಳ ಪಟ್ಟಿಗೆ ಸೇರಿಸಿದೆ. ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಅಂಥವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲೇ ‘ಶಟ್’ ಕ್ಲಿನಿಕ್ ಆರಂಭವಾಯಿತು. ಟೆಲಿ-ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ ಕೇಳಬಹುದು.

ಮೊಬೈಲ್ ಕಿತ್ತುಕೊಳ್ಳುವ ಮುಂಚೆ ಮಕ್ಕಳ ಪಕ್ಕ ಕೂತು ನೋಡೋಣ. ಮನೆ ಕೆಲಸದಲ್ಲಿ ಅವರಿಗೂ ಪಾಲು ಕೊಡೋಣ.